ಅಡುಗೆಮನೆ ವಿಭಾಗದ ಗುಂಡುಕಲ್ಲು

ನಾನು ಕೆಲಸ ಮಾಡಿದ ವಿಶ್ವವಿದ್ಯಾನಿಲಯದ ವಸ್ತುಸಂಗ್ರಹಾಲಯಕ್ಕೆ ಹೊಸದಾಗಿ ಸೇರಿದವರು ಈಗಲೂ ಒಮ್ಮೊಮ್ಮೆ ಫೋನು ಮಾಡುತ್ತಾರೆ. ‘ಸಾರ್, ಈ ಮರದ ಮರಿಗೆ ಬಟ್ಟಲು ಯಾವ ಊರಿಂದ ಬಂತು, ಈ ನೊಗ ಯಾರು ಕೊಟ್ಟಿದ್ದು’ ಎಂದು ಕೇಳುತ್ತಾರೆ. ನೆನಪಿದ್ದಷ್ಟು ಹೇಳುತ್ತೇನೆ. ಕೊನೆಗೆ, ‘ನಿಮ್ಮ ಅನುಭವ ಎಲ್ಲಾ ಬರೆದಿಡಿ ಸಾರ್, ನಮಗೆ ದಾರಿದೀಪ ಆಗುತ್ತೆ’ ಎನ್ನುತ್ತಾರೆ. ದಾರಿದೀಪ ಎಂಬ ಮಾತು ಕೇಳಿದರೆ ನನಗೆ ಮೊದಲು ನಗು ಬರುತ್ತದೆ, ಆಮೇಲೆ ಮುಖ ಬಿಸಿಯಾಗುತ್ತದೆ. ನನ್ನ ದೀಪ ಹಿಡಿದು ನಡೆದರೆ ನೇರವಾಗಿ ಹಳ್ಳಕ್ಕೆ ಬೀಳುತ್ತೀರಿ. ಆದರೂ ಬರೆಯಲು ಕೂತಿದ್ದೇನೆ. ನಿಮ್ಮಲ್ಲಿ ಯಾರಾದರೊಬ್ಬರಿಂದ ಒಂದು ಸಣ್ಣ ಕೆಲಸ ಆಗಬೇಕಾಗಿದೆ, ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ನಾನು ಕೆ.ಆರ್. ನಗರ ತಾಲ್ಲೂಕಿನವನು. ನಮ್ಮಪ್ಪ ಊರಿಗೆಲ್ಲ ನೇಗಿಲು, ಕುಂಟೆ, ಗಾಡಿಚಕ್ರ ಮಾಡಿಕೊಡುತ್ತಿದ್ದ ಆಚಾರಿ. ನಾನೂ ಉಳಿ ಹಿಡಿದೇ ಬೆಳೆದೆ. ತೊಂಬತ್ತರ ದಶಕದ ಮೊದಲಲ್ಲಿ ವಸ್ತುಸಂಗ್ರಹಾಲಯಕ್ಕೆ ಒಬ್ಬ ಬಡಗಿ ಬೇಕಾಗಿದ್ದಾನೆ ಎಂದು ಯಾರೋ ಹೇಳಿದರು, ಹೋದೆ, ಸೇರಿಕೊಂಡರು. ಮುಂದೆ ಬಡಗಿ ಹೋಗಿ ಸಹಾಯಕ ಎಂದಾಯಿತು. ಅದೆಲ್ಲ ನಿಮಗೆ ಬೇಡ. ಕೆಲಸ ಮಾತ್ರ ಕೊನೆಯವರೆಗೂ ಒಂದೇ ಆಗಿತ್ತು. ಜೀಪು ಹತ್ತಿ ಹಳ್ಳಿಗಳಿಗೆ ಹೋಗುವುದು, ಹಳೆಯ ಸಾಮಾನು ಕೇಳಿ ತರುವುದು, ತಂದದ್ದನ್ನು ಒರೆಸಿ, ಹುಳು ಬಿಡಿಸಿ, ಮುರಿದದ್ದನ್ನು ಕೂಡಿಸಿ, ನಂಬರು ಬರೆದು, ಜನ ನೋಡುವ ಹಾಗೆ ನಿಲ್ಲಿಸುವುದು. ನಮ್ಮ ಕ್ಯುರೇಟರ್ ನಂಜರಾಜಯ್ಯನವರು. ಜೀಪು ಓಡಿಸುತ್ತಿದ್ದವನು ಖಾದರ್, ನನ್ನ ಓರಗೆಯವನು, ದಾರಿಯುದ್ದಕ್ಕೂ ನಗಿಸುತ್ತಿದ್ದ.

ಆಗ ನಮ್ಮ ಪೈಪೋಟಿ ಇದ್ದದ್ದು ಬೇರೆ ಮ್ಯೂಸಿಯಮ್ಮುಗಳ ಜೊತೆಯಲ್ಲ, ಹೊಗೆಸೊಪ್ಪು ಬೇಯಿಸುವ ಗೂಡುಗಳಾದ ಬ್ಯಾರನ್ನುಗಳ ಜೊತೆ. ಹುಣಸೂರು, ಪಿರಿಯಾಪಟ್ಟಣದ ಕಡೆ ಸೊಪ್ಪು ಬೇಯಿಸುವ ಕಾಲ ಬಂತೆಂದರೆ ಸೌದೆಗೆ ಎಲ್ಲಿಲ್ಲದ ಬೇಡಿಕೆ. ಮನೆಯಲ್ಲಿ ಕೆಲಸಕ್ಕೆ ಬಾರದ ಮರ ಏನಿದ್ದರೂ ಒಲೆಗೆ ಹೋಗುತ್ತಿತ್ತು. ಒಮ್ಮೆ ಪಿರಿಯಾಪಟ್ಟಣದ ಆಚೆ ಒಂದು ಹಳ್ಳಿಯಲ್ಲಿ ನಾವು ಜೀಪು ಇಳಿಯುವ ಹೊತ್ತಿಗೆ ಒಬ್ಬಾತ ಹೂಬಳ್ಳಿ ಕೆತ್ತಿದ ಬಾಗಿಲುವಾಡವನ್ನು ಬ್ಯಾರನ್ನಿನ ಬಾಯಿಗೆ ತುರುಕುತ್ತಿದ್ದ.

‘ಅಯ್ಯೋ, ಅದ್ಯಾಕಪ್ಪಾ ಸುಡ್ತೀಯ?’ ಎಂದು ನಾನು ಕೂಗಿದೆ.

‘ಹಳೇ ಮನೇದು ಕಣ್ರೀ. ಒಣಗೈತೆ, ಚೆಂದಾಗ್ ಉರೀತದೆ’ ಎಂದು ಆತ ನಮ್ಮನ್ನೇ ವಿಚಿತ್ರವಾಗಿ ನೋಡಿದ.

ಖಾದರ್ ಮತ್ತು ನಾನು ಸೇರಿ ಅದನ್ನು ಎಳೆದು ನೀರು ಹಾಕಿದೆವು. ಒಂದು ಕಂಬ ಮೊಣಕಾಲುದ್ದ ಸುಟ್ಟಿತ್ತು. ಆ ಸುಟ್ಟ ಬಾಗಿಲುವಾಡ ಈಗಲೂ ನಿಮ್ಮ ಪ್ರವೇಶದ್ವಾರದಲ್ಲಿ ನಿಂತಿದೆ. ನೋಡಿದವರೆಲ್ಲ ಹೊಗಳುತ್ತಾರೆ. ಆ ಹೊಗಳಿಕೆ ನನ್ನ ತಲೆಗೆ ಏರಿತು. ಅಲ್ಲಿಂದ ಮುಂದೆ ಯಾವ ಮನೆಗೆ ಹೋದರೂ ನನ್ನದು ಒಂದೇ ಮಾತು: ‘ನೀವು ಇಟ್ಟುಕೊಂಡರೆ ಗೆದ್ದಲು ತಿನ್ನುತ್ತೆ, ಇಲ್ಲ ಬೆಂಕಿ ತಿನ್ನುತ್ತೆ. ನಮಗೆ ಕೊಟ್ಟರೆ ನೂರು ವರ್ಷ ಇರುತ್ತೆ.’ ಜನ ನಂಬುತ್ತಿದ್ದರು. ನಾನೂ ನಂಬಿದ್ದೆ.

ನನ್ನ ಇನ್ನೊಂದು ರೋಗ ಬಾಯಿ ಮುಚ್ಚಿಕೊಂಡಿರುವುದು. ನಮ್ಮಲ್ಲಿ ಒಂದು ಕುಕ್ಕೆ ಇತ್ತು. ಉಳುವಾಗ, ಕಣ ತುಳಿಯುವಾಗ ಎತ್ತು ಪೈರಿಗೆ ಬಾಯಿ ಹಾಕದಿರಲಿ ಎಂದು ಅದರ ಮೂತಿಗೆ ಕಟ್ಟುವ ಹಗ್ಗದ ಬಲೆ. ಹೊರಗಿನಿಂದ ಬಂದಿದ್ದ ಒಬ್ಬ ವಿದ್ವಾಂಸರು ಅದಕ್ಕೆ ‘ಹಣ್ಣು ಕೀಳುವ ಬಲೆಬುಟ್ಟಿ’ ಎಂದು ಲೇಬಲ್ ಬರೆಸಿ ಹೋದರು. ಕುಕ್ಕೆ ನೋಡುತ್ತಲೇ ಬೆಳೆದವನು ನಾನು. ಆದರೂ ದೊಡ್ಡವರು ಬರೆದದ್ದು, ನನಗೇಕೆ ಎಂದು ನನ್ನ ಕೈಯಾರೆ ಆ ಲೇಬಲ್ಲು ಅಂಟಿಸಿದೆ. ಎರಡು ವರ್ಷ ಅದರ ಮುಂದೆಯೇ ಓಡಾಡಿದೆ.

ಒಂದು ದಿನ ಕೆ.ಆರ್. ನಗರದ ಕಡೆಯ ರೈತರ ಗುಂಪು ಬಂತು. ಅವರಲ್ಲೊಬ್ಬ ಹಿರಿಯರು ಲೇಬಲ್ಲನ್ನು ಅಕ್ಷರ ಕೂಡಿಸಿಕೊಂಡು ಓದಿ ಬಿದ್ದು ಬಿದ್ದು ನಕ್ಕರು.

‘ಬನ್ರಲಾ ಇಲ್ಲಿ! ಎತ್ತಿನ ಮೂತಿಗ್ ಕಟ್ಟೋ ಕುಕ್ಕೇಲಿ ಮಾವಿನಣ್ ಕೀಳ್ತಾರಂತೆ ಇವ್ರು. ಇದ್ನ ಬರೆದೋನ್ ಮೂತಿಗ್ ಕಟ್ಬೇಕು ಮೊದ್ಲು!’

ಎಲ್ಲರೂ ನಕ್ಕರು. ಅವರು ನನ್ನ ಕಡೆ ತಿರುಗಿ, ‘ನಿಮ್ಮದು ಯಾವೂರ್ ಸ್ವಾಮಿ?’ ಎಂದರು. ಅವರ ಊರಿಗೂ ನಮ್ಮ ಊರಿಗೂ ನಡುವೆ ಎರಡು ಕಾಲುವೆ ಅಷ್ಟೇ. ‘ಇಲ್ಲೇ ಟೌನು’ ಎಂದೆ.

ನಂಜರಾಜಯ್ಯನವರಿಗೆ ವಿಷಯ ತಿಳಿದ ದಿನವೇ ಲೇಬಲ್ಲು ಬದಲಾಯಿತು. ‘ನೀನು ಹಳ್ಳಿಯವನಲ್ಲವೇನಯ್ಯಾ? ಗೊತ್ತಿದ್ದೂ ಸುಮ್ಮನಿದ್ದೆಯಾ?’ ಎಂದು ಕೇಳಿದರು. ‘ಗಮನಿಸಲಿಲ್ಲ ಸಾರ್’ ಎಂದೆ. ಅವರು ಮೂಗಿಗೆ ನಶ್ಯ ಏರಿಸುತ್ತ ನನ್ನನ್ನೇ ಸ್ವಲ್ಪ ಹೊತ್ತು ನೋಡಿದರು. ಅವರು ಕೆಟ್ಟವರಲ್ಲ, ತಪ್ಪು ಒಪ್ಪಿಕೊಂಡರೆ ತಿದ್ದುವ ಮನುಷ್ಯ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ತೊಟ್ಟಿಲಿನ ವಿಷಯಕ್ಕೆ ಬರುತ್ತೇನೆ.

ತೊಂಬತ್ತರ ದಶಕದ ಕೊನೆಯಲ್ಲಿ ಕಬಿನಿ ಹಿನ್ನೀರಿನಲ್ಲಿ ಮೀನು ಹಿಡಿಯುವ ಕೂಳಿಗಳನ್ನು ಹುಡುಕಿಕೊಂಡು ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಸುತ್ತುತ್ತಿದ್ದೆವು. ಬೀಚನಹಳ್ಳಿಯಿಂದ ಸ್ವಲ್ಪ ಆಚೆ ಒಂದು ಹಳ್ಳಿಯಲ್ಲಿ ಕುಡಿಯಲು ನೀರು ಕೇಳಿ ಒಂದು ಮನೆಯ ಜಗಲಿಯಲ್ಲಿ ಕೂತೆವು. ಮನೆಯ ಯಜಮಾನಿ ಪುಟ್ಟತಾಯಮ್ಮ, ಐವತ್ತು ದಾಟಿದ ಹೆಂಗಸು. ನೀರಿನ ಜೊತೆ ಬೆಲ್ಲವನ್ನೂ ತಂದುಕೊಟ್ಟರು. ತಲೆಯೆತ್ತಿ ನೋಡಿದರೆ ಅಟ್ಟದ ಮೇಲೆ ಹಲಸಿನ ಮರದ ತೊಟ್ಟಿಲು. ನಾಲ್ಕು ಮೂಲೆಗೂ ಕಡೆದ ಕಂಬ, ಕಂಬದ ತಲೆಗೆ ಮೊಗ್ಗಿನಂಥ ಗುಬುಟು, ಅದರ ಕೆಳಗೆ ಹಗ್ಗ ಪೋಣಿಸುವ ಕಣ್ಣು. ಕೆಂಪು ಅರಗಿನ ಬಣ್ಣ ಇನ್ನೂ ಉಳಿದಿತ್ತು. ಆಚಾರಿಯ ಮಗ ನಾನು, ಅಂಥ ಕೈಕೆಲಸ ಕಂಡಾಗ ಕೂತಲ್ಲಿ ಕೂರಲಾಗುವುದಿಲ್ಲ. ಏಣಿ ತರಿಸಿ ಹತ್ತಿದೆ.

ಗುಬುಟುಗಳ ಕತ್ತಿಗೆ ಸುತ್ತಿದ್ದ ದಾರಗಳು ಎರಡು ಬೆರಳು ದಪ್ಪವಾಗಿದ್ದವು. ತೊಟ್ಟಿಲೊಳಗೆ ಹಳೆಯ ಸೀರೆಯ ಮೇಲೆ ಒಂದು ಗುಂಡುಕಲ್ಲು ಮಲಗಿತ್ತು.

‘ಈ ಊರಲ್ಲಿ ಯಾರ್ ಮನೇಲಿ ಕೂಸಾದ್ರೂ ಇದ್ರಲ್ಲೇ ಹೆಸ್ರಿಡೋದು ಸ್ವಾಮಿ. ನಮ್ಮತ್ತೆ ಕಾಲ್ದಿಂದ್ಲೂ ಅಂಗೇ’ ಎಂದು ಪುಟ್ಟತಾಯಮ್ಮ ಕೆಳಗಿನಿಂದ ಹೇಳಿದರು. ‘ಕೂಸು ಕೂರೋಗಂಟ ಮಡೀಕತಾರೆ. ತಿರುಗ್ ತಂದ್ ಬುಡೋವಾಗ ತಾಯಾದೋಳು ಒಂದು ಅರಿಶಿನದ ದಾರ ಕಟ್ಬೇಕು.’

‘ಕಲ್ಲು ಯಾಕಿದೆ ಒಳಗೆ?’

‘ಬರೀ ತೊಟ್ಲು ಮಡಗ್ಬಾರ್ದು ಕಣ್ ಸ್ವಾಮಿ. ಕೂಸಿಲ್ದಾಗ ಕಲ್ಲು ಮಲಗಿರ್ತದೆ.’

ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ. ನಮ್ಮ ಮನೆಯಲ್ಲೂ ಹೆಸರಿಡುವ ದಿನ ಮೊದಲು ಗುಂಡುಕಲ್ಲನ್ನು ಮಲಗಿಸಿ ತೂಗಿ, ಮಗು ಕಲ್ಲಿನ ಹಾಗೆ ಗಟ್ಟಿಯಾಗಿರಲಿ ಎಂದು ಹರಸಿ, ಆಮೇಲೆ ಮಗುವನ್ನು ಮಲಗಿಸುತ್ತಾರೆ. ಖಾಲಿ ತೊಟ್ಟಿಲು ತೂಗಿದರೆ ನಮ್ಮಜ್ಜಿ ಕೈಗೆ ಹೊಡೆಯುತ್ತಿದ್ದಳು.

ಅಟ್ಟದ ಒಂದು ಮೂಲೆಗೆ ಗೆದ್ದಲು ಹತ್ತಿತ್ತು. ಅದನ್ನು ತೋರಿಸಿ ನನ್ನ ಮಾಮೂಲಿ ಮಾತು ಆಡಿದೆ. ಪುಟ್ಟತಾಯಮ್ಮ ತುಂಬ ಹೊತ್ತು ಯೋಚಿಸಿದರು. ಕೊನೆಗೆ, ‘ಎರಡ್ ಮಾತು ಸ್ವಾಮಿ. ಕಲ್ನ ಒಳಗೇ ಮಡಗ್ಬೇಕು. ಊರಲ್ಲಿ ಕೂಸಾಯ್ತು ಅಂತ ಬಂದು ಕೇಳಿದ್ರೆ ಇಲ್ಲ ಅನ್ಬಾರ್ದು’ ಎಂದರು.

ನಾನು ತೊಟ್ಟಿಲ ಮೇಲೆ ಕೈ ಇಟ್ಟು, ‘ಖಂಡಿತ ತಾಯಿ. ನಾನೇ ಜೀಪಿನಲ್ಲಿ ತಂದುಕೊಡ್ತೀನಿ’ ಎಂದೆ.

‘ನಮ್ ಆಚಾರ್ರು ಮಾತ್ ಕೊಟ್ರೆ ಮುಗೀತು ಬುಡವ್ವಾ’ ಎಂದು ಖಾದರ್ ಸಾಕ್ಷಿ ನುಡಿದ.

ಮೊದಲ ಮಾತು ಮುರಿದದ್ದು ಮಾರನೆಯ ದಿನವೇ, ಅದೂ ಮುರಿಯುತ್ತಿದ್ದೇನೆ ಎಂಬ ಪರಿವೆಯೇ ಇಲ್ಲದೆ. ಆಗ ನಮ್ಮಲ್ಲಿ ಮರಕ್ಕೊಂದು ರಿಜಿಸ್ಟರು, ಲೋಹಕ್ಕೊಂದು, ಕಲ್ಲಿಗೊಂದು. ತೊಟ್ಟಿಲನ್ನು ಮರದ ರಿಜಿಸ್ಟರಿಗೆ ಹತ್ತಿಸಿದೆ. ಗುಂಡುಕಲ್ಲನ್ನು ಕಲ್ಲಿನ ರಿಜಿಸ್ಟರಿನಲ್ಲಿ ‘ರುಬ್ಬುಗುಂಡು, ಅಡುಗೆಮನೆ ವಿಭಾಗ’ ಎಂದು ಬರೆದೆ. ನಮ್ಮಲ್ಲಿ ಗುಂಡಿಲ್ಲದ ಒಂದು ಒರಳು ಬಿದ್ದಿತ್ತು. ಅದರೊಳಗೆ ಈ ಗುಂಡನ್ನು ನಿಲ್ಲಿಸಿ, ಜೋಡಿ ಸಿಕ್ಕಿತಲ್ಲ ಎಂದು ಖುಷಿಪಟ್ಟೆ. ಹಳ್ಳಿಯಲ್ಲಿ ಹುಟ್ಟಿ ಬೆಳೆದವನಿಗೆ ರಿಜಿಸ್ಟರಿನ ಮುಂದೆ ಕೂತ ಕೂಡಲೇ ಬುದ್ಧಿ ಎಲ್ಲಿ ಹೋಗುತ್ತದೋ ಗೊತ್ತಿಲ್ಲ. ನಂಜರಾಜಯ್ಯನವರು ಮಾತ್ರ ನಾನು ಹೇಳಿದ್ದನ್ನು ಕೇಳಿ, ತೊಟ್ಟಿಲಿನ ಷರಾ ಕಾಲಮ್ಮಿನಲ್ಲಿ ತಮ್ಮ ಕೈಯಾರೆ ‘ದಾನಿಗಳು ಕೇಳಿದಾಗ ಶುಭಕಾರ್ಯಕ್ಕೆ ಎರವಲು ಕೊಡತಕ್ಕದ್ದು’ ಎಂದು ಬರೆದರು.

ಕೆಲವು ತಿಂಗಳಿಗೆ ಹೊಸ ಗ್ಯಾಲರಿ ಸಿದ್ಧವಾಯಿತು. ದೊಡ್ಡವರೊಬ್ಬರು ಉದ್ಘಾಟನೆಗೆ ಬರುವವರಿದ್ದರು. ಗಾಜಿನ ಶೋಕೇಸುಗಳು ಬಂದವು. ತೊಟ್ಟಿಲಿಗೆಂದು ಮಾಡಿಸಿದ್ದು ಒಂದು ಗೇಣು ಗಿಡ್ಡ. ಅಳತೆ ಕೊಟ್ಟವನು ನಾನೇ. ಕಂಬಗಳನ್ನು ಬಿಟ್ಟು ಬರೀ ತೊಟ್ಟಿಲ ಮೈ ಅಳೆದಿದ್ದೆ. ನಂಜರಾಜಯ್ಯನವರು ನೋಡಿ, ‘ಹೋಗಲಿ ಬಿಡು, ತೊಲೆಗೆ ತೂಗು ಹಾಕಿಬಿಡೋಣ. ಸುತ್ತ ಒಂದು ಹಗ್ಗ ಕಟ್ಟಿದರಾಯಿತು’ ಎಂದು ಹೋದರು. ಅವರು ಬೈಯಲೂ ಇಲ್ಲ. ಅವರೇ ಕಂಬ ಕೊಯ್ಯಲು ಹೇಳಿದರು ಎಂದು ಎಲ್ಲೂ ಯಾರೂ ತಿಳಿಯಬಾರದು ಎಂದೇ ಇದನ್ನು ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಆದರೆ ಖಾಲಿ ನಿಂತ ಶೋಕೇಸು ನನ್ನ ತಪ್ಪನ್ನು ಊರಿಗೆಲ್ಲ ಸಾರುತ್ತಿದೆ ಎನಿಸಿತು. ಎಲ್ಲರೂ ಕ್ಯಾಂಟೀನಿಗೆ ಊಟಕ್ಕೆ ಹೋದಾಗ ನಾನು ಉಳಿದೆ. ಗರಗಸ ತೆಗೆದುಕೊಂಡೆ. ದಾರಗಳ ಕೆಳಗೆ, ಹಗ್ಗದ ಕಣ್ಣಿನ ಕೆಳಗೆ ಗೆರೆ ಎಳೆದು ನಾಲ್ಕು ಕಂಬದ ತಲೆಗಳನ್ನೂ ಕೊಯ್ದೆ. ಹಲಸಿನ ಹೊಟ್ಟು ಅರಿಶಿನದ ಪುಡಿಯ ಹಾಗೆ ನೆಲದ ಮೇಲೆ ಬಿತ್ತು. ಆಮೇಲೆ ಗೂಟ ಹಾಕಿ ಕೂಡಿಸಿದರಾಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಹೊಟ್ಟು ಗುಡಿಸಿ, ಕೊಯ್ದ ಜಾಗಕ್ಕೆ ಕೆಂಪು ಬಣ್ಣ ಹಚ್ಚಿ, ನಾಲ್ಕು ತಲೆಗಳನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಮೇಜಿನ ಖಾನೆಯಲ್ಲಿಟ್ಟೆ. ತೊಟ್ಟಿಲು ಶೋಕೇಸಿನೊಳಗೆ ಅಳೆದು ಮಾಡಿದ ಹಾಗೆ ಕೂತಿತು.

‘ಹೇಗಯ್ಯಾ ಹಿಡಿಸಿದೆ?’ ಎಂದು ನಂಜರಾಜಯ್ಯನವರು ಬೆರಗಾದರು.

‘ತಲೆಗಳು ಬಿಚ್ಚೋ ಥರ ಇದ್ದವು ಸಾರ್. ಬಿಚ್ಚಿಟ್ಟಿದ್ದೀನಿ.’

‘ಭೇಷ್ ಆಚಾರಿ!’ ಎಂದರು.

ಆ ಭೇಷ್ ಕೇಳಲಿಕ್ಕೇ ನಾನು ಅಷ್ಟೆಲ್ಲ ಮಾಡಿದ್ದು. ಉದ್ಘಾಟನೆಯ ದಿನ ಹೊಸ ಶರ್ಟು ತೊಟ್ಟುಕೊಂಡು ಆ ಶೋಕೇಸಿನ ಪಕ್ಕದಲ್ಲೇ ನಿಂತಿದ್ದೆ.

ಅದೇ ವರ್ಷ ನಮ್ಮಪ್ಪ ಒಮ್ಮೆ ನಾನು ಕೆಲಸ ಮಾಡುವ ಜಾಗ ನೋಡಬೇಕೆಂದು ಬಂದ. ನೇಗಿಲು, ಗಾಡಿ ಎಲ್ಲ ನೋಡಿ, ಇದು ಇಂಥ ಸೀಮೆಯ ಕೆಲಸ, ಇದು ಯಾರೋ ಕಲಿಯುವವನು ಮಾಡಿದ್ದು ಎಂದು ಹೇಳುತ್ತ ಬಂದವನು ತೊಟ್ಟಿಲ ಮುಂದೆ ನಿಂತುಬಿಟ್ಟ. ಗಾಜಿಗೆ ಹಣೆ ತಾಗಿಸಿ ನೋಡಿದ.

‘ಇದು ಗರಗಸದ ಬಾಯಿ ಕಣ್ಲಾ. ಮೇಲ್ ಬಣ್ಣ ಬಳ್ದವ್ರೆ. ಯಾವನ್ಲಾ ಇದ್ನ ಕುಯ್ದೋನು?’

‘ಗೊತ್ತಿಲ್ಲ ಕಣಪ್ಪ. ಬಂದಾಗಲೇ ಹಂಗಿತ್ತು.’

‘ತಲೆ ಏನಾರ ಸಿಕ್ಕಿದ್ರೆ ಹೇಳು. ಗೆರೆ ಕಾಣ್ದಂಗೆ ಕೂಡಿಸ್ಕೊಡ್ತೀನಿ.’

ತಲೆಗಳು ಹತ್ತು ಹೆಜ್ಜೆ ಆಚೆ ನನ್ನ ಮೇಜಿನಲ್ಲಿದ್ದವು. ಹೌದಪ್ಪ, ನಾನೇ ಕೊಯ್ದೆ ಎಂದಿದ್ದರೆ ಎರಡು ಬಾರಿಸುತ್ತಿದ್ದ, ಸಂಜೆಯೊಳಗೆ ಕೂಡಿಸಿಯೂ ಕೊಡುತ್ತಿದ್ದ. ಅಪ್ಪನಿಗೆ ಟೀ ಕುಡಿಸಿ ಬಸ್ಸು ಹತ್ತಿಸಿದೆ. ಮುಂದಿನ ವರ್ಷ ತೀರಿಕೊಂಡ. ನನಗೆ ಅಷ್ಟು ನಯವಾದ ಕೂಡುಕೆಲಸ ಬರುವುದಿಲ್ಲ. ಎರಡು ಸಲ ಕದ್ದು ಪ್ರಯತ್ನಿಸಿ, ಹಗ್ಗ ಕಟ್ಟಿ ಭಾರ ಹಾಕಿದರೆ ನಿಲ್ಲುವುದಿಲ್ಲ ಎಂದು ತಿಳಿದು ಬಿಟ್ಟುಬಿಟ್ಟೆ.

ಅದಾಗಿ ಎರಡು ಮೂರು ವರ್ಷಕ್ಕೆ, ಅವರೆಕಾಯಿಯ ಕಾಲದಲ್ಲಿ, ಒಂದು ಬೆಳಿಗ್ಗೆ ಪುಟ್ಟತಾಯಮ್ಮ ಬಂದರು. ಕೋಟೆಯಿಂದ ಬಸ್ಸಿನಲ್ಲಿ ನಿಂತೇ ಬಂದಿದ್ದರಂತೆ. ಕೈಯಲ್ಲಿ ಅವರೆಕಾಯಿ ತುಂಬಿದ ಚೀಲ. ನಂಜರಾಜಯ್ಯನವರು ಪಕ್ಕದ ಕಟ್ಟಡದಲ್ಲಿ ಮೀಟಿಂಗಿನಲ್ಲಿದ್ದರು.

‘ಮೊಮ್ಮಗ್ಳು ಹುಟ್ಟವ್ಳೆ ಸ್ವಾಮಿ’ ಎಂದು ಮುಖವೆಲ್ಲ ನಗುವಾಗಿ ಹೇಳಿದರು. ‘ಬರೋ ಸೋಮವಾರ ಹೆಸ್ರಿಡ್ತೀವಿ. ತೊಟ್ಲು ಬೇಕಾಗಿತ್ತು.’

‘ಅದು ಈಗ ರೂಲ್ಸಲ್ಲಿ ಇಲ್ಲ ತಾಯಿ’ ಎಂದೆ.

‘ಮಾತ್ ಕೊಟ್ಟಿದ್ರಲ್ಲ?’

‘ಆಗ ಇತ್ತು. ಈಗ ಬದಲಾಯಿಸಿದ್ದಾರೆ. ಒಮ್ಮೆ ಒಳಗೆ ಬಂದ ವಸ್ತು ಹೊರಗೆ ಹೋಗೋ ಹಾಗಿಲ್ಲ.’

ಅವರ ನಗು ನಿಂತಿತು. ‘ನಮ್ ಸೊಸೆ ಎರಡು ಕೂಸ್ ಕಳ್ಕಂಡವ್ಳೆ ಸ್ವಾಮಿ. ಆಗ ತೊಟ್ಲು ಕೇಳಾಕೂ ಆಗ್ನಿಲ್ಲ, ಹೆಸ್ರಿಡೋ ಮುಂಚೇನೇ ಹೋದೋ. ಇದು ಮೂರ್ನೇದು. ಬೇರೆ ತೊಟ್ಲಲ್ಲಿ ಮಲಗ್ಸಾಕೆ ಆ ಹುಡ್ಗಿ ಎದ್ರತಾಳೆ. ಒಂದೇ ದಿನ ಕೊಡಿ, ಬೆಳಿಗ್ಗೆ ತಕಂಡೋಗಿ ಸಂಜೆ ತಂದ್ ಬುಡ್ತೀವಿ.’

‘ಆಗಲ್ಲ ತಾಯಿ.’

ಬಾಗಿಲಲ್ಲಿ ನಿಂತಿದ್ದ ಖಾದರ್, ‘ಜೀಪ್ ಖಾಲಿ ಐತೆ ಆಚಾರ್ರೇ. ಸಾಹೇಬ್ರನ್ನ ಒಂದ್ ಮಾತು ಕೇಳ್ಬೋದಲ್ವಾ?’ ಎಂದ. ‘ನಿನ್ನ ಕೆಲಸ ನೀನು ನೋಡು’ ಎಂದು ಅವನ ಮೇಲೆ ಹಾಯ್ದೆ. ಕೇಳಿದ್ದರೆ ಸಾಹೇಬರು ಕೊಡು ಎನ್ನುತ್ತಿದ್ದರು. ಷರಾ ಅವರದೇ ಕೈಬರಹ. ನನಗಿದ್ದ ಭಯವೇ ಅದು. ಕೊಡು ಎಂದರೆ ತಲೆಯಿಲ್ಲದ ತೊಟ್ಟಿಲನ್ನು ಯಾವ ಹಗ್ಗದಿಂದ ತೂಗು ಹಾಕಲಿ? ಬೇಲಿಯೇ ಎದ್ದು ಹೊಲ ಮೇಯ್ದಿದೆ ಎಂದು ಎಲ್ಲರಿಗೂ ತಿಳಿಯುತ್ತಿತ್ತು.

‘ಒಂದ್ಸಲ ಕಣ್ಣಲ್ಲಾದ್ರೂ ನೋಡ್ಕಂಡೋಗ್ತೀನಿ.’

‘ಒಳಗೆ ಬಣ್ಣ ಹೊಡೀತಿದ್ದಾರೆ. ಬಾಗಿಲು ಹಾಕಿದೆ’ ಎಂದೆ. ಬಣ್ಣವೂ ಇರಲಿಲ್ಲ, ಸುಣ್ಣವೂ ಇರಲಿಲ್ಲ.

ಪುಟ್ಟತಾಯಮ್ಮ ತಗ್ಗಿದ ದನಿಯಲ್ಲಿ, ‘ಅಂಗಾರೆ ಆ ಗುಂಡ್ಕಲ್ಲಾದ್ರೂ ಕೊಡಿ. ಎಷ್ಟು ಕೂಸ್ಗೋಳ್ ಮಲಗಿದ್ ಜಾಗ್ದಲ್ಲಿ ಮಲಗಿದ್ ಕಲ್ಲು. ಸೀರೆ ಜೋಲೀಲಾದ್ರೂ ಅದನ್ನ ಮೊದ್ಲು ಮಲಗ್ಸಿ ಆಮೇಲ್ ಕೂಸ್ನ ಮಲಗಿಸ್ತೀವಿ’ ಎಂದರು.

ಕಲ್ಲಿಗೆ ಗರಗಸ ಬಿದ್ದಿರಲಿಲ್ಲ. ಅಡುಗೆಮನೆ ವಿಭಾಗದಲ್ಲಿ ಗಾಜಿಲ್ಲದೆ ನಿಂತಿತ್ತು. ಎತ್ತಿ ಚೀಲಕ್ಕೆ ಹಾಕಿ ಕೊಟ್ಟಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಆದರೆ ಕಲ್ಲು ಕೊಟ್ಟರೆ ತೊಟ್ಟಿಲು ಯಾಕೆ ಕೊಡಲಿಲ್ಲ ಎಂಬ ಪ್ರಶ್ನೆ ಬರುತ್ತದೆ ಎಂದು ನನ್ನ ಕಳ್ಳ ಬುದ್ಧಿ ಲೆಕ್ಕ ಹಾಕಿತು.

‘ಅದಕ್ಕೂ ನಂಬರು ಬಿದ್ದಿದೆ ತಾಯಿ’ ಎಂದೆ.

ಪುಟ್ಟತಾಯಮ್ಮ ಅವರೆಕಾಯಿಯ ಚೀಲವನ್ನು ನನ್ನ ಮೇಜಿನ ಮೇಲೆ, ಸರಿಯಾಗಿ ತಲೆಗಳಿದ್ದ ಖಾನೆಯ ಮೇಲೆ ಇಟ್ಟು, ‘ಸೊಗಡೈತೆ, ಮನೇಲಿ ಹಿದಕಿ ಸಾರ್ ಮಾಡ್ಸಿ’ ಎಂದು ಹೇಳಿ ಹೋದರು. ನನ್ನ ಹೆಂಡತಿ ಹಿದಕಿ ಸಾರು ಮಾಡಿದಳು. ಎರಡು ಸಲ ಹಾಕಿಸಿಕೊಂಡು ಉಂಡೆ. ಇದನ್ನೂ ಬರೆಯದಿದ್ದರೆ ಬರೆದದ್ದಕ್ಕೆ ಅರ್ಥವಿಲ್ಲ.

ಖಾದರ್ ಆ ವಿಷಯ ಎಂದೂ ಎತ್ತಲಿಲ್ಲ. ಆದರೆ ಅಂದಿನಿಂದ ದಾರಿಯಲ್ಲಿ ನನ್ನನ್ನು ನಗಿಸುವುದನ್ನು ನಿಲ್ಲಿಸಿದ. ನಂಜರಾಜಯ್ಯನವರು ನಿವೃತ್ತರಾಗಿ ಹೋಗುವ ದಿನ ಬೀಳ್ಕೊಡುಗೆಯ ಭಾಷಣದಲ್ಲಿ ನನ್ನ ಹೆಸರು ಹೇಳಿ, ‘ಈತ ಪ್ರಾಮಾಣಿಕ’ ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವವರನ್ನು ಕೇಳಿದ್ದೀರಿ. ನಾನು ಪ್ರಾಮಾಣಿಕ ಎಂದಾಗಲೂ ಹೆಗಲು ಮುಟ್ಟಿಕೊಂಡೆ.

ಮುಂದಿನ ವರ್ಷಗಳಲ್ಲಿ ಕೆಲಸದ ರೀತಿ ಬದಲಾಯಿತು. ಮೊದಲು ಏನು ತಂದರೂ ಸೋಡಾಪುಡಿ ಹಾಕಿ ಉಜ್ಜಿ ಫಳಫಳ ಹೊಳೆಸುತ್ತಿದ್ದೆವು. ಹಾಗೆ ಮಾಡಬಾರದು, ಮಸಿ, ಎಣ್ಣೆ, ಕುಂಕುಮ ಎಲ್ಲ ಇದ್ದ ಹಾಗೇ ಇರಬೇಕು ಎಂದು ಕಲಿಸಲು ತರಬೇತಿಗೆ ಕಳಿಸಿದರು. ಕಂಪ್ಯೂಟರು ಬಂತು, ರಿಜಿಸ್ಟರುಗಳಲ್ಲಿದ್ದದ್ದನ್ನೆಲ್ಲ ಅದರೊಳಗೆ ಹೊಡೆದರು. ತೊಟ್ಟಿಲಿನ ಸ್ಥಿತಿ ಏನು ಎಂದು ಟೈಪು ಮಾಡುವವರು ಕೇಳಿದರು. ‘ಪೂರ್ಣ’ ಎಂದೆ. ಹಾಗೇ ಹತ್ತಿಸಿದರು.

ಹೀಗಿರುವಾಗ ಒಂದು ದಿನ ಕೋಟೆಯ ಕಡೆಯಿಂದ ಶಾಲೆಯ ಮಕ್ಕಳು ಪ್ರವಾಸ ಬಂದರು. ಅವರ ಜೊತೆ ಪುಟ್ಟತಾಯಮ್ಮ. ಏಳೆಂಟು ವರ್ಷದ ಒಂದು ಹುಡುಗಿಯ ಕೈ ಹಿಡಿದಿದ್ದರು. ಆ ಮಗು ಬದುಕಿದೆ, ಓಡಾಡುತ್ತಿದೆ ಎಂದು ಕಂಡು ನನಗೆ ಎದೆ ಹಗುರಾಯಿತು. ಆದರೆ ಹುಡುಗಿ ಒಳಗೆ ಬಂದ ಕೂಡಲೇ, ‘ಅಜ್ಜೀ, ನಮ್ ತೊಟ್ಲು ಎಲ್ಲೈತೆ, ತೋರ್ಸು’ ಎಂದು ಎಳೆಯತೊಡಗಿದಳು. ದಾರಿಯಲ್ಲೆಲ್ಲ ಅದೇ ಮಾತು ಆಡಿಕೊಂಡು ಬಂದಿದ್ದರೆಂದು ಕಾಣುತ್ತದೆ.

ಇಬ್ಬರೂ ಶೋಕೇಸಿನ ಮುಂದೆ ನಿಂತರು. ನಾನು ಓಡಿಹೋಗಬಹುದಿತ್ತು, ಹೋಗಲಿಲ್ಲ. ಪುಟ್ಟತಾಯಮ್ಮ ಒಂದು ಕಂಬ ನೋಡಿದರು, ಇನ್ನೊಂದು ನೋಡಿದರು, ಸುತ್ತು ಬಂದು ಉಳಿದೆರಡನ್ನೂ ನೋಡಿದರು. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದರು.

‘ಇದಲ್ಲ ಕಣವ್ವ ನಮ್ದು’ ಎಂದು ಮೊಮ್ಮಗಳಿಗೆ ಹೇಳಿದರು. ‘ನಮ್ದು ಎತ್ತರಕಿತ್ತು. ಬಾ, ಮುಂದಕ್ ಹೋಗವ.’

ಮೂರೇ ಮಾತು. ನನ್ನ ಇಡೀ ಕೆಲಸದ ಅವಧಿಯಲ್ಲಿ ಯಾವ ಮೇಲಧಿಕಾರಿಯೂ ನನ್ನನ್ನು ಅಷ್ಟು ಚಿಕ್ಕವನನ್ನಾಗಿ ಮಾಡಿರಲಿಲ್ಲ.

ನಿವೃತ್ತಿಯ ದಿನ ಹಾರ, ಶಾಲು, ಹಣ್ಣಿನ ಬುಟ್ಟಿಯ ಜೊತೆ ನಾಲ್ಕು ತಲೆಗಳನ್ನೂ ಊಟದ ಚೀಲದಲ್ಲಿ ಹಾಕಿಕೊಂಡು ಮನೆಗೆ ಬಂದೆ. ಮೂರು ವಾರ ಅವು ನನ್ನ ಮಂಚದ ಕೆಳಗಿದ್ದವು. ಕೊನೆಗೆ ಕೋಟೆ ಬಸ್ಸು ಹತ್ತಿದೆ.

ಪುಟ್ಟತಾಯಮ್ಮನ ಕಣ್ಣಿಗೆ ಆಗಲೇ ಪೊರೆ ಬಂದಿತ್ತು. ದನಿ ಕೇಳಿ ಗುರುತು ಹಿಡಿದರು. ಜಗಲಿಯ ಮೇಲೆ ಕೂತು, ಬಟ್ಟೆ ಬಿಚ್ಚಿ, ನಾಲ್ಕು ತಲೆಗಳನ್ನೂ ಅವರ ಮಡಿಲಿಗೆ ಇಟ್ಟೆ. ಅವರ ಬೆರಳು ದಾರಗಳ ಮೇಲೆ ಓಡಾಡಿದವು.

‘ಈ ಗಂಟು ಚಿಕ್ಕಮ್ಮಣ್ಣಿದು. ಅವ್ಳು ಮೂರ್ ಗಂಟ್ ಹಾಕೋಳು’ ಎಂದರು. ‘ಇದು ನಂದು. ನಮ್ ದೊಡ್ಡೋನು ಹುಟ್ಟಿದಾಗ ಕಟ್ಟಿದ್ದು.’

‘ಕೊಯ್ದವನು ನಾನೇ ತಾಯಿ’ ಎಂದೆ. ರೂಲ್ಸು ಇಲ್ಲ ಎಂದದ್ದು ಸುಳ್ಳು, ಬಣ್ಣ ಹೊಡೆಯುತ್ತಿದ್ದಾರೆ ಎಂದದ್ದು ಸುಳ್ಳು ಎಂದು ಎಲ್ಲ ಹೇಳಿದೆ. ಹೇಳುವಾಗ ಅತ್ತೆ.

‘ಗೊತ್ತು ಸ್ವಾಮಿ. ಅವತ್ತೇ ಕಂಡೆ.’

‘ಮತ್ತೆ ಯಾಕೆ ಒಂದು ಮಾತೂ ಅನ್ನಲಿಲ್ಲ?’

‘ಕೂಸಿನ್ ಎದುರ್ಗೆ ಏನಂತ ಅನ್ಲಿ? ನಿನ್ ತೊಟ್ಲ ತಲೆ ಕುಯ್ದೋರು ಇವ್ರೇ ಕಣವ್ವ ಅಂತ ತೋರ್ಸಕಾಯ್ತದಾ?’ ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ‘ಮರ ಕುಯ್ದ್ರಿ, ಹೋಗ್ಲಿ ಬುಡಿ. ಕಲ್ಲು ಒಳಗೇ ಐತಲ್ವಾ?’

ಅವರು ಅಂದು ಬಾಗಿಲು ಹಾಕಿದೆ ಎಂಬ ಮಾತು ನಂಬಿ ಹಿಂದಕ್ಕೆ ಹೋಗಿದ್ದವರು. ಶಾಲೆಯ ಮಕ್ಕಳ ಜೊತೆ ಬಂದಾಗ ಕಂಬಗಳನ್ನು ಕಂಡ ಮೇಲೆ ತೊಟ್ಟಿಲೊಳಗೆ ಬಗ್ಗಿ ನೋಡಿರಲಿಲ್ಲ. ಹೌದು ತಾಯಿ ಎನ್ನಬಹುದಿತ್ತು. ಸುಳ್ಳು ಸಲೀಸಾಗಿ ಬರುತ್ತಿದ್ದ ಬಾಯಿ ನನ್ನದು. ಆದರೆ ಬರಲಿಲ್ಲ.

‘ಇಲ್ಲ ತಾಯಿ. ಬೇರೆ ಕಡೆ ಇಟ್ಟಿದ್ದೀನಿ.’

ಅವರ ಕೈ ನಿಂತಿತು. ‘ಇಷ್ಟ್ ವರ್ಸ ಬರಿದಾಗೇ ಐತಾ?’

ಅವರು ನಾಲ್ಕು ತಲೆಗಳನ್ನೂ ಒಂದೊಂದಾಗಿ ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. ‘ಇವ್ನ ತಕಂಡ್ ನಾನೇನ್ ಮಾಡ್ಲಿ. ಹೋಗಿ ಮೊದ್ಲು ಕಲ್ ಮಡಗಿ. ಬರೀ ತೊಟ್ಲು ಮಡಗ್ಬಾರ್ದು ಅಂತ ಅವತ್ತೇ ಹೇಳಿರ್ನಿಲ್ವಾ?’ ಎಂದರು. ಅಷ್ಟು ಹೊತ್ತು ಕಾಣದಿದ್ದ ಸಿಟ್ಟು ಆಗ ಕಂಡಿತು. ನಾನು ಗರಗಸಕ್ಕಾಗಿ ಇಷ್ಟು ವರ್ಷ ನಾಚಿದ್ದೆ. ಅವರಿಗೆ ನೋವಾದದ್ದು ಅದಕ್ಕಲ್ಲ.

ಮಾರನೆಯ ದಿನವೇ ವಸ್ತುಸಂಗ್ರಹಾಲಯಕ್ಕೆ ಹೋದೆ. ಈಗಿನ ಕ್ಯುರೇಟರ್ ಮೇಡಂ ಒಳ್ಳೆಯವರು, ಕೂರಿಸಿ ಕಾಫಿ ಕೊಟ್ಟರು. ನಾಲ್ಕು ತಲೆಗಳನ್ನು ಒಪ್ಪಿಸಿ, ಕೊಯ್ದವನು ನಾನು ಎಂದು ಬರೆದು ಸಹಿ ಹಾಕಿಕೊಟ್ಟೆ. ಆಮೇಲೆ ಕಲ್ಲಿನ ವಿಷಯ ಹೇಳಿದೆ. ಅವರು ಕಂಪ್ಯೂಟರು ನೋಡಿದರು.

‘ಇಲ್ಲಿ ರುಬ್ಬುಗುಂಡು, ಅಡುಗೆಮನೆ ವಿಭಾಗ ಅಂತ ಇದೆಯಲ್ಲ ಸಾರ್.’

‘ತಪ್ಪು ಬರೆದಿದ್ದಾರೆ ಮೇಡಂ.’

‘ಯಾರು?’

‘ನಾನೇ.’

‘ವಿಭಾಗ ಬದಲಾಯಿಸೋಕೆ ಕಮಿಟಿ ಸೇರಬೇಕು ಸಾರ್. ಅಲ್ಲಿವರೆಗೆ ಸುಮ್ಮನೆ ಎತ್ತಿ ಒಳಗಿಡೋದು ರೂಲ್ಸಲ್ಲಿ ಇಲ್ಲ’ ಎಂದು ಮೇಡಂ ಬಹಳ ಬೇಜಾರಿನಿಂದಲೇ ಹೇಳಿದರು. ನಾನು ಪುಟ್ಟತಾಯಮ್ಮನಿಗೆ ಸುಳ್ಳಾಗಿ ಹೇಳಿದ ಮಾತನ್ನು ಮೇಡಂ ನನಗೆ ನಿಜವಾಗಿ ಹೇಳಿದರು. ಅವರ ಮೇಲೆ ನನಗೆ ಬೇಸರವಿಲ್ಲ. ಕಮಿಟಿ ಇನ್ನೂ ಸೇರಿಲ್ಲ. ಎರಡು ಪತ್ರ ಬರೆದೆ. ಬೀಚನಹಳ್ಳಿಯ ಕಡೆ ಹೋಗಲು ಮುಖವಿಲ್ಲ.

ಆದ್ದರಿಂದ, ಹೊಸದಾಗಿ ಈ ಕೆಲಸಕ್ಕೆ ಸೇರುವವರೇ, ನಿಮಗೆ ನಾನು ಉಪದೇಶ ಮಾಡುವುದಿಲ್ಲ. ವಿಳಾಸ ಮಾತ್ರ ಹೇಳುತ್ತೇನೆ. ಅಡುಗೆಮನೆ ವಿಭಾಗಕ್ಕೆ ಹೋಗಿ. ಎಡಗಡೆ, ಕಿಟಕಿಯ ಕೆಳಗೆ ಒಂದು ಒರಳಿದೆ. ಅದರ ಗುಂಡು ಕುಳಿಗಿಂತ ಸಣ್ಣದು, ಮುಟ್ಟಿದರೆ ಅಲ್ಲಾಡುತ್ತದೆ. ಅದು ಆ ಒರಳಿನದಲ್ಲ. ಕಮಿಟಿಯಲ್ಲಿ ಕೂರುವಂಥವರು ನಿಮ್ಮಲ್ಲಿದ್ದರೆ ದಯವಿಟ್ಟು ಬೇಗ ಕೂತು ಒಂದು ಸಾಲು ಬರೆಯಿರಿ. ತೊಟ್ಟಿಲಿನ ಶೋಕೇಸಿನ ಬೀಗ ತೆಗೆದು, ಒಳಗೆ ಒಂದು ಹಳೆಯ ಬಟ್ಟೆ ಹಾಸಿ, ಅದರ ಮೇಲೆ ಆ ಕಲ್ಲನ್ನು ಮಲಗಿಸಿ. ನಿಲ್ಲಿಸಬೇಡಿ, ಮಲಗಿಸಿ. ಒರಳು ಬರಿದಾದರೆ ಆಗಲಿ, ಒರಳಿಗೆ ದೋಷವಿಲ್ಲ.

ಪುಟ್ಟತಾಯಮ್ಮ ಇನ್ನೂ ಇದ್ದಾರೆ. ಇಟ್ಟ ದಿನ ನನಗೊಂದು ಫೋನು ಮಾಡಿ. ಹೋಗಿ ಹೇಳಿ ಬರುತ್ತೇನೆ.